ಯೂಲರ್ ಅಲ್ಲ, ಆಯ್ಲರ್. ಹಾಗಾದರೆ ಯೂಕ್ಲಿಡ್?

ಪ್ರಶ್ನೆ: ಚಿತ್ರದುರ್ಗ ಜಿಲ್ಲೆಯ ಒಂದು ಪಿಯು ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಹತ್ತನೇ ತರಗತಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಆಮೇಲೆ ಇಂಗ್ಲಿಷ್ ಪುಸ್ತಕದಲ್ಲಿ ಕಂಡ ಹೆಸರುಗಳನ್ನು ಕಂಡ ಹಾಗೇ ಓದಿಕೊಂಡು ಬಂದೆ. ಯೂಲರ್, ಫರ್ಮ್ಯಾಟ್, ಲೀಬ್ನಿಜ್, ಎಲ್ ಹಾಸ್ಪಿಟಲ್. ಈಗ ಯೂಟ್ಯೂಬ್‌ನಲ್ಲಿ ಪಾಠ ಕೇಳುವ ಮಕ್ಕಳು 'ಮಿಸ್, ಅದು ಆಯ್ಲರ್' ಎನ್ನುತ್ತಾರೆ. ಹಾಗಾದರೆ ಯೂಕ್ಲಿಡ್ ಯಾಕೆ ಆಯ್ಕ್ಲಿಡ್ ಅಲ್ಲ? ಇದಕ್ಕೆಲ್ಲ ಏನಾದರೂ ನಿಯಮ ಇದೆಯಾ, ಇಲ್ಲ ಒಂದೊಂದನ್ನೂ ಬಾಯಿಪಾಠ ಮಾಡಬೇಕಾ? ನೋಟ್ಸ್‌ನಲ್ಲಿ ಕನ್ನಡದಲ್ಲಿ ಹೇಗೆ ಬರೆಸಲಿ? ಡಿ ಬ್ರೋಗ್ಲಿ, ಹೈಗನ್ಸ್ ಸರಿಯೇ ಎಂದು ನಮ್ಮ ಫಿಸಿಕ್ಸ್ ಸರ್ ಕೂಡ ಕೇಳಿದ್ದಾರೆ.

ಉತ್ತರ: ಮಕ್ಕಳು ಹೇಳಿದ್ದು ಸರಿ ಮೇಡಂ, ಆಯ್ಲರ್. ಆದರೆ ಯೂಕ್ಲಿಡ್ ಬಗ್ಗೆ ನೀವು ಕೇಳಿದ್ದು ಅದಕ್ಕಿಂತ ಒಳ್ಳೆಯ ಪ್ರಶ್ನೆ. ನೀವು ಹುಡುಕುತ್ತಿರುವ ನಿಯಮ ಅದರಲ್ಲೇ ಇದೆ.

ಲಿಯೊನ್‌ಹಾರ್ಡ್ ಆಯ್ಲರ್ 1707ರಲ್ಲಿ ಹುಟ್ಟಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. ಅಲ್ಲಿನ ಮಾತು ಜರ್ಮನ್. ಜರ್ಮನ್‌ನಲ್ಲಿ ಇ, ಯು (eu) ಎರಡೂ ಜೊತೆಗೆ ಬಂದರೆ 'ಆಯ್' ಎಂದು ಓದಬೇಕು. ಯೂಕ್ಲಿಡ್ ಗ್ರೀಕ್ ಹೆಸರು. ಅದು ಲ್ಯಾಟಿನ್ ದಾಟಿ ಇಂಗ್ಲಿಷ್‌ಗೆ ಬಂತು. ಇಂಗ್ಲಿಷಿನವರು ಅದೇ ಎರಡು ಅಕ್ಷರವನ್ನು 'ಯೂ' ಎಂದು ಓದಿದರು. ನಾವು ಅವರಿಂದ ತೆಗೆದುಕೊಂಡೆವು. ಅಕ್ಷರ ಒಂದೇ, ಊರು ಬೇರೆ ಬೇರೆ. ಹಾಗಾಗಿ ಹೆಸರು ಓದುವ ಮೊದಲು 'ಯಾವ ಊರಿನವರು?' ಎಂದು ಕೇಳಿಕೊಳ್ಳಿ. ಹೊಸಬರು ಕಂಡರೆ ನಾವು ಮೊದಲು ಕೇಳುವುದೇ ಅದನ್ನು ಅಲ್ವಾ? ಒಂದೊಂದು ಹೆಸರನ್ನೂ ಬಾಯಿಪಾಠ ಮಾಡಬೇಕಿಲ್ಲ. ಜರ್ಮನ್ನಿನ ಐದಾರು ಗುಟ್ಟು, ಫ್ರೆಂಚಿನ ಐದಾರು ಗುಟ್ಟು ಗೊತ್ತಿದ್ದರೆ ಪಿಯು ಮತ್ತು ಎಂಜಿನಿಯರಿಂಗ್ ಪುಸ್ತಕದ ಮುಕ್ಕಾಲು ಹೆಸರು ಬಾಯಿಗೆ ಬರುತ್ತವೆ.

ನಮಗೆ ಇದು ತೊಡಕಾಗಲು ಕಾರಣ ನಮ್ಮ ಲಿಪಿ ಒಳ್ಳೆಯದಾಗಿರುವುದು. ಕನ್ನಡದಲ್ಲಿ ಬರೆದಂತೆ ಓದುತ್ತೇವೆ. ಕ ಎಂದರೆ ಕ, ಹುಬ್ಬಳ್ಳಿಯಲ್ಲೂ ಕ, ಮಂಗಳೂರಿನಲ್ಲೂ ಕ. ರೋಮನ್ ಲಿಪಿ ಹಾಗಲ್ಲ. ಯುರೋಪಿನ ಹತ್ತಾರು ಭಾಷೆಗಳು ಅದೇ ಇಪ್ಪತ್ತಾರು ಅಕ್ಷರಗಳನ್ನು ಹಂಚಿಕೊಂಡು, ತಮಗೆ ಬೇಕಾದ ಹಾಗೆ ಓದಿಕೊಳ್ಳುತ್ತವೆ. ನಾವು ಎಲ್ಲವನ್ನೂ ಇಂಗ್ಲಿಷಿನ ಕಣ್ಣಿಂದ ಓದುತ್ತೇವೆ. ಇಂಗ್ಲಿಷಿನ ಬಾಗಿಲಲ್ಲಿ ಹೆಸರಿಗೆ ಏನಾಗುತ್ತದೆ ಎಂದು ನಿಮ್ಮ ಜಿಲ್ಲೆಯವರಿಗೆ ಬೇರೆ ಹೇಳಬೇಕಾಗಿಲ್ಲ. ಬ್ರಿಟಿಷರ ಕಾಲದ ನಕ್ಷೆಗಳಲ್ಲಿ ಚಿತ್ರದುರ್ಗ 'ಚಿತಲ್‌ಡ್ರೂಗ್' ಆಗಿತ್ತು. ನಮ್ಮ ದಾವಣಗೆರೆಯ ನಡುವಿನ 'ಣ' ಇಂಗ್ಲಿಷ್ ಬರಹದಲ್ಲಿ ಒಮ್ಮೆ ಇರುತ್ತದೆ, ಒಮ್ಮೆ ಅರ್ಧವೇ ಉಳಿದಿರುತ್ತದೆ. ಅದನ್ನು ನೋಡಿಕೊಂಡು ಹೊರಗಿನವರು 'ದಾವಂಗೇರೆ' ಎಂದರೆ ತಪ್ಪು ಅವರದ್ದೂ ಅಲ್ಲ.

ಈಗ ಜರ್ಮನ್. ಮೊದಲು ಇದನ್ನೇ ಕಲಿಯಿರಿ, ಏಕೆಂದರೆ ಇದು ಬಹಳ ಶಿಸ್ತಿನ ಭಾಷೆ. ನಿಯಮ ಗೊತ್ತಾದರೆ ಕಂಡ ಹೆಸರನ್ನು ಕನ್ನಡದ ಹಾಗೆ ಓದಿಕೊಂಡು ಹೋಗಬಹುದು.

ಎಲ್ಲರೂ ಎಡವುವುದು ಇ-ಐ (ei) ಮತ್ತು ಐ-ಇ (ie) ಜೋಡಿಗಳಲ್ಲಿ. ಇದಕ್ಕೆ ಸುಲಭದ ದಾರಿ ಇದೆ. ಜೋಡಿಯ ಎರಡನೇ ಅಕ್ಷರದ ಇಂಗ್ಲಿಷ್ ಹೆಸರನ್ನೇ ಹೇಳಿಬಿಡಿ. ಇ ಮೊದಲು, ಐ ಆಮೇಲೆ ಬಂದರೆ 'ಐ'. ಐ ಮೊದಲು, ಇ ಆಮೇಲೆ ಬಂದರೆ 'ಈ'. ಹಾಗಾಗಿ ಲೀಬ್ನಿಜ್ ಅಲ್ಲ, ಲೈಬ್ನಿಟ್ಸ್. ರೈಮನ್ ಅಲ್ಲ, ರೀಮಾನ್. ಕಪ್ಪುಕಾಯದ ವಿಕಿರಣದ ಪಾಠದಲ್ಲಿ ಬರುವವರು ವೀನ್. ಐನ್‌ಸ್ಟೀನ್ ಎಂದು ನಮ್ಮಲ್ಲಿ ಎಷ್ಟೋ ಜನ ಹೇಳುತ್ತಾರೆ. ಆ ಹೆಸರಿನಲ್ಲಿ ಎರಡು ಸಲವೂ ಇ-ಐ ಇದೆ, ಒಂದನ್ನು ಐ ಎಂದು ಇನ್ನೊಂದನ್ನು ಈ ಎನ್ನಲು ಕಾರಣವೇ ಇಲ್ಲ. ಐನ್‌ಸ್ಟೈನ್. ಜರ್ಮನ್ನರ ಬಾಯಲ್ಲಿ ಐನ್‌ಶ್ಟೈನ್.

ಆ ಭಾಷೆಯಲ್ಲಿ ಡಬ್ಲ್ಯು ಎಂದರೆ ವ, ವಿ ಎಂದರೆ ಹೆಚ್ಚು ಕಡೆ ಫ. 'ಫೊನ್ ನಾಯ್ಮಾನ್' ಆಗುವುದು ಹೀಗೆ. ಅಲ್ಲೂ ಇ-ಯು ಬಂದು 'ಆಯ್' ಆಗಿರುವುದನ್ನು ಗಮನಿಸಿ, ಆಯ್ಲರ್‌ನಲ್ಲಿ ಆದಂತೆಯೇ. ಝಡ್ ಎಂದರೆ 'ಟ್ಸ್': ಲೆಂಟ್ಸ್, ಹೆರ್ಟ್ಸ್, ಬೋಲ್ಟ್ಸ್‌ಮಾನ್. ಜೆ ಎಂದರೆ ಯ: ಯಕೋಬಿ. ಸಿ-ಎಚ್ ಎಂದರೆ ಚ ಅಲ್ಲವೇ ಅಲ್ಲ. ನಮ್ಮ ಹುಡುಗರು 'ಕಿರ್ಚಾಫ್ಸ್ ಲಾ' ಎಂದು ಗಟ್ಟಿಯಾಗಿ ಹೇಳುತ್ತಾರಲ್ಲ, ಅದರ ಸರಿಯಾದ ಉಚ್ಚಾರ ಕಿರ್ಖ್‌ಹೋಫ್‌ಗೆ ಹತ್ತಿರ. ನಾಲಿಗೆಯನ್ನು ಅಂಗುಳಿನ ಹತ್ತಿರ ತಂದು ಮೆತ್ತಗೆ ಉಸಿರು ಬಿಟ್ಟರೆ ಸಾಕು. ಅಂದ ಹಾಗೆ, ಆ ನಿಯಮಗಳನ್ನು ಅವರು 1845ರಲ್ಲಿ ಕೊಟ್ಟಾಗ ಇನ್ನೂ ವಿದ್ಯಾರ್ಥಿ. ಹುಡುಗರಿಗೆ ಹೇಳಿ, ಖುಷಿಪಡುತ್ತಾರೆ.

ಜಿ ಅಕ್ಷರ ಜರ್ಮನ್‌ನಲ್ಲಿ ಗಟ್ಟಿ ಗ, ಜ ಅಲ್ಲ. 1895ರಲ್ಲಿ ಎಕ್ಸ್‌ರೇ ಕಂಡುಹಿಡಿದವರು ರಾಂಟ್ಜೆನ್ ಅಲ್ಲ, ರೆಂಟ್‌ಗೆನ್. ಎನ್ ಮತ್ತು ಜಿ ಜೊತೆಗೆ ಬಂದರೆ ಇನ್ನೂ ಸ್ವಾರಸ್ಯ. ಆಗ ಗ ಕೂಡ ಕೇಳುವುದಿಲ್ಲ, ಮೂಗಿನ ಸದ್ದು ಮಾತ್ರ ಉಳಿಯುತ್ತದೆ. ಆ ಸದ್ದಿಗೆ ನಮ್ಮ ವರ್ಣಮಾಲೆಯಲ್ಲಿ ಅಕ್ಷರವೇ ಇದೆ: ಙ. ಒಂದನೇ ತರಗತಿಯಲ್ಲಿ ತಿದ್ದಿದ್ದು ಬಿಟ್ಟರೆ ಜೀವನದಲ್ಲಿ ಮತ್ತೆಂದೂ ಅದನ್ನು ಬರೆದಿರುವುದಿಲ್ಲ. ಎಂಜಿನಿಯರಿಂಗ್ ಗಣಿತದಲ್ಲಿ ಅದಕ್ಕೆ ಕೆಲಸ ಸಿಗುತ್ತದೆ. ನಮ್ಮಲ್ಲಿ 'ರಂಜ್ ಕುಟ್ಟ ಮೆಥಡ್' ಎನ್ನುತ್ತಾರಲ್ಲ, ಅದು ರುಙೆ ಮತ್ತು ಕುಟ್ಟಾ. ಇಬ್ಬರೂ ಜರ್ಮನ್ನರು, ರುಙೆಯ ಪ್ರಬಂಧ ಬಂದಿದ್ದು 1895ರಲ್ಲಿ, ಕುಟ್ಟಾರದ್ದು 1901ರಲ್ಲಿ. ಶ್ರೋಡಿಂಜರ್ ಕೂಡ ಶ್ರೋಡಿಙರ್. ಅವರ ಹೆಸರಿನ ನಡುವಿನ ಓ ಮೇಲೆ ಎರಡು ಚುಕ್ಕಿ ಇದೆ. ಬಾಯಲ್ಲಿ ಏ ಹೇಳುತ್ತಾ ತುಟಿಯನ್ನು ಮಾತ್ರ ಓ ಎನ್ನುವವರ ಹಾಗೆ ಗುಂಡಗೆ ಮಾಡಿದರೆ ಆ ಸ್ವರ ಬರುತ್ತದೆ. ತರಗತಿಯಲ್ಲಿ ಬೇಡ, ಮನೆಯಲ್ಲಿ ಕನ್ನಡಿ ಮುಂದೆ ಪ್ರಯತ್ನಿಸಿ.

ಇನ್ನು ಗೌಸ್. ಎ-ಯು ಎಂದರೆ ಜರ್ಮನ್‌ನಲ್ಲಿ ಔ. ನಮ್ಮವರು ಇದನ್ನು ಸರಿಯಾಗೇ ಹೇಳುತ್ತಾರೆ. ಆದರೆ ಅವರ ಪಕ್ಕ ಬಂದು ಕೂರುವವರಿಂದ ತಾಪತ್ರಯ. ಗೌಸ್-ಸೀಡಲ್ ಅಲ್ಲ, ಗೌಸ್-ಜೈಡೆಲ್ (ಮತ್ತೆ ಇ-ಐ). ಗೌಸ್-ಜೋರ್ಡನ್ ವಿಧಾನ ಇನ್ನೂ ತಮಾಷೆ. ಗಣಿತದಲ್ಲಿ ಇಬ್ಬರು ಜೋರ್ಡನ್ ಇದ್ದಾರೆ. ಮ್ಯಾಟ್ರಿಕ್ಸ್‌ನ ಜೋರ್ಡನ್ ರೂಪ, ಜೋರ್ಡನ್ ವಕ್ರರೇಖೆ ಇವೆಲ್ಲ ಕಾಮೀಯ್ ಜೋರ್ದಾಂ ಎಂಬ ಫ್ರೆಂಚರ ಹೆಸರಿನವು. ಗೌಸ್ ಜೊತೆ ಬರುವವರು ವಿಲ್‌ಹೆಲ್ಮ್ ಯೋರ್ಡಾನ್, ಜರ್ಮನ್ನರು, ಭೂಮಾಪನದ ಪಂಡಿತರು. ಅವರ ಹೆಸರಿನ ಮೊದಲ ಅಕ್ಷರ ಜರ್ಮನ್ ಜೆ, ಅಂದರೆ ಯ. ಹಾಗಾಗಿ ಒಂದೇ ಸೆಮಿಸ್ಟರಿನ ಒಂದೇ ಪುಸ್ತಕದಲ್ಲಿ ಒಂದೇ ರೀತಿ ಅಚ್ಚಾದ ಹೆಸರನ್ನು ಒಂದು ಕಡೆ ಜೋರ್ದಾಂ ಎಂದು, ಇನ್ನೊಂದು ಕಡೆ ಯೋರ್ಡಾನ್ ಎಂದು ಓದಬೇಕು. ಇಲ್ಲಿನ ಎಂಜಿನಿಯರಿಂಗ್ ಮಕ್ಕಳಿಗೆ ನಾನು ಇದನ್ನು ಹೇಳಿದರೆ 'ಸರ್, ಪರೀಕ್ಷೆಗೆ ಬರುತ್ತಾ?' ಎಂದು ಕೇಳುತ್ತಾರೆ. ಬರುವುದಿಲ್ಲ. ಆದರೆ ಇಬ್ಬರನ್ನು ಒಬ್ಬರೇ ಅಂದುಕೊಳ್ಳುವುದು ತಪ್ಪುತ್ತದೆ.

ಫ್ರೆಂಚ್ ಬೇರೆ ಜಾತಿ. ಅಲ್ಲಿ ಅಕ್ಷರ ಜಾಸ್ತಿ, ಸದ್ದು ಕಡಿಮೆ. ಪದದ ಕೊನೆಯ ವ್ಯಂಜನವನ್ನು ಸಾಮಾನ್ಯವಾಗಿ ನುಂಗಿಬಿಡುತ್ತಾರೆ, ಮುಖ್ಯವಾಗಿ ಟಿ, ಎಸ್, ಡಿ, ಎಕ್ಸ್. ಆದ್ದರಿಂದ ಫರ್ಮ್ಯಾಟ್ ಅಲ್ಲ, ಫೆರ್ಮಾ. ಆದರೆ ಆ ವ್ಯಂಜನ ಆದ ಮೇಲೆ ಒಂದು ಇ ಬಂದರೆ ವ್ಯಂಜನ ಉಳಿಯುತ್ತದೆ, ಇ ಸಾಯುತ್ತದೆ: ಲಾಪ್ಲಾಸ್, ಲಾಗ್ರಾಂಜ್, ರೋಲ್. ರೋಲ್ ಪ್ರಮೇಯವನ್ನು 'ರೊಲ್ಲೆ' ಎನ್ನುವವರೂ ಇದ್ದಾರೆ, ಬೇಕಿಲ್ಲ. ದೇಕಾರ್ತ್ ಹೆಸರಿನಲ್ಲಿ ಎರಡು ಎಸ್ ಇವೆ. ಎರಡೂ ಕೇಳುವುದಿಲ್ಲ, ತ ಮಾತ್ರ ಕೇಳುತ್ತದೆ.

ಸ್ವರದ ಜೋಡಿಗಳು ನಾಲ್ಕು ಗೊತ್ತಿದ್ದರೆ ಸಾಕು. ಓ-ಐ ಎಂದರೆ 'ವಾ': ಗಾಲ್ವಾ, ಪ್ವಾಸೋಂ, ಪ್ವಾಂಕಾರೇ, ಲಾವ್ವಾಜ್ಯೇ. 'ಗಲಾಯ್ಸ್ ಥಿಯರಿ' ಎಂದರೆ ಇಪ್ಪತ್ತನೇ ವಯಸ್ಸಿಗೆ ದ್ವಂದ್ವಯುದ್ಧದಲ್ಲಿ ಸತ್ತ ಆ ಹುಡುಗನಿಗೆ ಇನ್ನೊಂದು ಅನ್ಯಾಯ. ಓ-ಯು ಎಂದರೆ 'ಊ': ಫೂರ್ಯೇ, ಫೂಕೋ, ಕೂಲೋಂ. ಎ-ಯು ಎಂದರೆ 'ಓ': ಕೋಶೀ. ಇಲ್ಲಿ ಒಂದು ನಿಮಿಷ ನಿಲ್ಲಿ. ಗೌಸ್‌ನಲ್ಲಿ ಔ ಆಗಿದ್ದು ಇದೇ ಎ-ಯು. ಜರ್ಮನ್ ಗೌಸ್, ಫ್ರೆಂಚ್ ಕೋಶೀ. ಕೋಶೀಯಲ್ಲಿ ಸಿ-ಎಚ್ ಕೂಡ ಬದಲಾಗಿ ಶ ಆಗಿದೆ. 'ಕೋಶೀ-ರೀಮಾನ್ ಸಮೀಕರಣ' ಎನ್ನುವ ಒಂದು ಹೆಸರಲ್ಲಿ ಎರಡೂ ದೇಶದ ನಿಯಮ ಕೂತಿದೆ. ಮಕ್ಕಳಿಗೆ ಊರಿನ ವಿಷಯ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ನಾಲ್ಕನೆಯದು ಹೆಸರಿನ ಕೊನೆಯ ಐ-ಇ-ಆರ್, ಅದು 'ಯೇ'. ಲ ಶಾತ್ಲ್ಯೇ, ಫೂರ್ಯೇ. ಫೋರಿಯರ್ ಎಂದು ರ ಎಳೆಯಬೇಡಿ.

ಎಚ್ ಅನ್ನು ಫ್ರೆಂಚರು ಹೇಳುವುದೇ ಇಲ್ಲ. ಹರ್ಮೈಟ್ ಅಲ್ಲ, ಎರ್ಮೀತ್. ಹಡಮಾರ್ಡ್ ಅಲ್ಲ, ಆದಾಮಾರ್.

ಈಗ ನಿಮ್ಮ ಹಾಸ್ಪಿಟಲ್‌ಗೆ ಬರೋಣ. ಸರಿಯಾದ ಉಚ್ಚಾರ ಲೋಪಿತಾಲ್. ಮೊದಲಿನ ಎಲ್ ಬೇರೆ ಅಕ್ಷರದ ಹಾಗೆ ಕಂಡರೂ ಅದು ಹೆಸರಿಗೇ ಅಂಟಿಕೊಂಡಿದೆ, ಎಚ್ ಕೇಳುವುದಿಲ್ಲ. ಆದರೆ ಮಕ್ಕಳು 'ಹಾಸ್ಪಿಟಲ್ ರೂಲ್' ಎಂದು ನಗುವುದರಲ್ಲಿ ಅರ್ಧ ನಿಜ ಇದೆ. ಹಳೆಯ ಫ್ರೆಂಚ್ ಬರಹದಲ್ಲಿ ಆ ಹೆಸರಿನ ನಡುವೆ ಎಸ್ ಇತ್ತು. ಅದನ್ನು ಓದುವುದು ನಿಂತು ಹೋಗಿತ್ತು. ಆಮೇಲೆ ಬರೆಯುವುದನ್ನೂ ಬಿಟ್ಟು, ನೆನಪಿಗೆ ಓ ಮೇಲೆ ಒಂದು ಟೋಪಿ ಇಟ್ಟರು. ಹಳೆ ಪುಸ್ತಕದಲ್ಲಿ ಎಸ್ ಇರುವ ಹೆಸರು, ಹೊಸ ಪುಸ್ತಕದಲ್ಲಿ ಟೋಪಿ ಇರುವ ಹೆಸರು, ಎರಡೂ ಒಬ್ಬರದೇ. ಇನ್ನೊಂದು ಮಾತು. ಆ ನಿಯಮ ಮೂಲದಲ್ಲಿ ಲೋಪಿತಾಲ್ ಅವರದ್ದಲ್ಲ. 1694ರಲ್ಲಿ ಅವರು ಗಣಿತಜ್ಞ ಯೋಹಾನ್ ಬೆರ್ನೂಲಿಗೆ ವರ್ಷಕ್ಕೆ 300 ಲಿವ್ರ್ ಹಣ ಕೊಟ್ಟು, ಹೊಸದಾಗಿ ಕಂಡುಕೊಂಡಿದ್ದನ್ನು ತಮಗೇ ಹೇಳಬೇಕು ಎಂದು ಒಪ್ಪಂದ ಮಾಡಿಕೊಂಡಿದ್ದರು. 1696ರಲ್ಲಿ ಪುಸ್ತಕ ಬರೆದರು, ನಿಯಮಕ್ಕೆ ಅವರ ಹೆಸರೇ ನಿಂತಿತು. ದುಡ್ಡು ಕೊಟ್ಟವರ ಹೆಸರನ್ನಾದರೂ ಸರಿಯಾಗಿ ಹೇಳೋಣ.

ಫ್ರೆಂಚ್ ಹೆಸರಿನ ಮುಂದೆ ಬರುವ 'ಡಿ' ನಿಜವಾಗಿ 'ದ', ಮೆತ್ತಗೆ. ದ ಮ್ವಾವ್ರ್ ಪ್ರಮೇಯವನ್ನು ನಮ್ಮಲ್ಲಿ ಡಿಮೋವಿಯರ್, ಡಿಮೊಯಿವರ್ ಎಂದು ಏನೇನೋ ಹೇಳುತ್ತಾರೆ. ಅವರು ಹುಟ್ಟಿದ್ದು ಫ್ರಾನ್ಸ್‌ನಲ್ಲಿ, ಬದುಕಿದ್ದು ಲಂಡನ್‌ನಲ್ಲಿ. ಹಾಗಾಗಿ ಇಂಗ್ಲಿಷಿನವರ 'ಡಿ ಮಾಯ್ವರ್' ಕೂಡ ನಡೆಯುತ್ತದೆ. ಆದರೆ ಎಲ್ಲ ಡಿಯನ್ನೂ ಫ್ರೆಂಚ್ ಹಾಗೆ ಓದಬೇಕಿಲ್ಲ. ಗಣಗಳ ಪಾಠದ ಡಿ ಮಾರ್ಗನ್ ಇಂಗ್ಲಿಷರು, ಹುಟ್ಟಿದ್ದು 1806ರಲ್ಲಿ ನಮ್ಮ ಪಕ್ಕದ ಮಧುರೈಯಲ್ಲಿ. ಅವರನ್ನು ಕಂಡ ಹಾಗೇ ಓದಿ. ಡಿ ಬ್ರೋಗ್ಲಿ ಇನ್ನೂ ಬೇರೆ ಕತೆ. ಆ ಮನೆತನ ಮೂಲದಲ್ಲಿ ಇಟಲಿಯ ಪೀಡ್‌ಮಾಂಟ್ ಕಡೆಯದು, ಬರಹದಲ್ಲಿರುವ ಜಿ-ಎಲ್-ಐ ಇಟಲಿಯ ಉಳಿಕೆ. ಫ್ರಾನ್ಸ್‌ಗೆ ಬಂದ ಮೇಲೆ ಹೇಳುವುದು ಬದಲಾಯಿತು, ಬರೆಯುವುದು ಬದಲಾಗಲಿಲ್ಲ. ದ ಬ್ರೊಯ್ ಎಂದರೆ ಸಾಕಷ್ಟು ಹತ್ತಿರ. ಇದಕ್ಕೆ ನಿಯಮ ಇಲ್ಲ, ಇದೊಂದನ್ನು ಬಾಯಿಪಾಠ ಮಾಡಲೇಬೇಕು.

ಕನ್ನಡದ ನಾಲಿಗೆ ಇಂಥ ಹೆಸರುಗಳಿಗೆ ಒಗ್ಗುವುದಿಲ್ಲ ಎಂದು ಕೆಲವರು ಸುಮ್ನೆ ಕೊರಗುತ್ತಾರೆ. ನನ್ನ ಪ್ರಕಾರ ಇಂಗ್ಲಿಷ್ ನಾಲಿಗೆಗಿಂತ ನಮ್ಮದೇ ಎಷ್ಟೋ ವಾಸಿ. ಫ್ರೆಂಚ್ ಮತ್ತು ಇಟಾಲಿಯನ್‌ನ ಟಿ, ಡಿ ಹಲ್ಲಿಗೆ ತಾಗಿ ಬರುತ್ತವೆ, ಅಂದರೆ ನಮ್ಮ ತ, ದ. ಇಂಗ್ಲಿಷಿನಲ್ಲಿ ಆ ಸದ್ದು ಇಲ್ಲದ್ದರಿಂದ ಅವರು ಬೇರೆ ಹೇಳಿದರು, ನಾವು ಅದನ್ನು ಕೇಳಿ ಟ, ಡ ಎಂದು ಬರೆದೆವು. ದೇಕಾರ್ತ್ ಎನ್ನಲು ನಮಗೇನು ಕಷ್ಟ? ಇಟಲಿಯ ಹೆಸರುಗಳಲ್ಲಿ ಒತ್ತಕ್ಷರ ನಮ್ಮ ಹಾಗೇ ಒತ್ತಿ ಬರುತ್ತದೆ. ತೊರ್ರಿಚೆಲ್ಲಿ, ಫಿಬೊನಾಚ್ಚಿ, ರಿಚ್ಚಿ. ಹಳಿಗೂ ಹಳ್ಳಿಗೂ ವ್ಯತ್ಯಾಸ ಗೊತ್ತಿರುವ ನಮಗೆ ಅದು ಸಲೀಸು, ಇಂಗ್ಲಿಷಿನವರಿಗೆ ಸರ್ಕಸ್. ತನ್ನ ನಂತರ ಇ ಅಥವಾ ಐ ಬಂದರೆ ಇಟಲಿಯ ಸಿ 'ಚ' ಆಗುತ್ತದೆ ಎಂಬುದೊಂದು ನೆನಪಿರಲಿ, ಟಾರಿಸೆಲ್ಲಿ ತಪ್ಪಿಹೋಗುತ್ತದೆ. ಅಲ್ಲಿನ ಜಿ-ಎನ್ ಜೋಡಿ ನಮ್ಮ ಇನ್ನೊಂದು ನಿರುದ್ಯೋಗಿ ಅಕ್ಷರ ಞ. ಹದಿನೆಂಟನೇ ಶತಮಾನದ ಗಣಿತಜ್ಞೆ ಮರಿಯಾ ಗಯೆತಾನಾ ಆಞೇಜಿ ಹೆಸರನ್ನು ಬರೆದು ನೋಡಿ. ಇನ್ನು ಎ-ಏ, ಒ-ಓ ಎಂಬ ಗಿಡ್ಡ-ಉದ್ದ ಭೇದ. ಅದು ಹಿಂದಿ ಬರಹದಲ್ಲೂ ಇಲ್ಲ, ನಮ್ಮಲ್ಲಿದೆ. ಡೇಡೆಕಿಂಟ್ ಎಂಬ ಜರ್ಮನ್ ಹೆಸರಿನ ಮೊದಲ ಏ ಉದ್ದ, ಎರಡನೆಯದು ಗಿಡ್ಡ, ಕೊನೆಯ ಡಿ ಗಟ್ಟಿಯಾಗಿ ಟ್. ಇಷ್ಟನ್ನೂ ಕನ್ನಡ ಲಿಪಿ ನಾಲ್ಕೇ ಅಕ್ಷರದಲ್ಲಿ ಹಿಡಿಯುತ್ತದೆ.

ಉಳಿದ ದೇಶಗಳನ್ನು ಬೇಗ ಮುಗಿಸುತ್ತೇನೆ. ರಷ್ಯನ್ ಹೆಸರು ಮೂಲದಲ್ಲಿ ರೋಮನ್ ಲಿಪಿಯದ್ದೇ ಅಲ್ಲ, ಹಾಗಾಗಿ ಒಂದೊಂದು ಪುಸ್ತಕದಲ್ಲಿ ಒಂದೊಂದು ಬರಹ. ಚೆಬಿಶೋಫ್ ಹೆಸರನ್ನು ಇಂಗ್ಲಿಷರು ಸಿ ಇಂದ, ಹಳೆಯ ಫ್ರೆಂಚರು, ಜರ್ಮನ್ನರು ಟಿ ಇಂದ ಶುರು ಮಾಡುತ್ತಿದ್ದರು. ಅವರ ಬಹುಪದಗಳಿಗೆ ಇಂದಿಗೂ ಟಿ ಎಂಬ ಗುರುತು ಉಳಿದಿರುವುದು ಅದರಿಂದಲೇ. ಕೊನೆಯ ವಿ ಫ್ ಆಗುತ್ತದೆ. ನಾವು ಮೆಂಡೆಲೀವ್ ಎನ್ನುವ ಹೆಸರು ಮೂಲದಲ್ಲಿ ಮೆಂದೆಲೇಯೆಫ್‌ಗೆ ಹತ್ತಿರ. ಆವರ್ತಕ ಕೋಷ್ಟಕದಲ್ಲಿ ಇನ್ನೂ ಸಿಗದ ಧಾತುಗಳಿಗೆ ಅವರು ಏಕ-ಅಲ್ಯೂಮಿನಿಯಂ, ಏಕ-ಸಿಲಿಕಾನ್ ಎಂದು ನಮ್ಮ 'ಏಕ' ಸೇರಿಸಿ ಹೆಸರಿಟ್ಟಿದ್ದರು. ಅವೇ ಮುಂದೆ 1875ರಲ್ಲಿ ಗ್ಯಾಲಿಯಂ, 1886ರಲ್ಲಿ ಜರ್ಮೇನಿಯಂ ಆಗಿ ಸಿಕ್ಕವು. ಹಂಗೇರಿಯಲ್ಲಿ ಎಸ್ ಎಂದರೆ ಶ, ಎಸ್-ಝಡ್ ಎಂದರೆ ಸ, ಎಲ್-ವೈ ಎಂದರೆ ಯ. ಎರ್ದೋಶ್, ಸಿಲಾರ್ಡ್, ಬೋಯಾಯ್. ನಾರ್ವೆಯ ಆಬೆಲ್ ಅವರನ್ನು ಏಬಲ್ ಎನ್ನಬೇಡಿ. ಅವರ ಹೆಸರಿನ ಪ್ರಶಸ್ತಿ 2007ರಲ್ಲಿ ಚೆನ್ನೈನಲ್ಲಿ ಹುಟ್ಟಿದ ಎಸ್. ಆರ್. ಎಸ್. ವರದನ್ ಅವರಿಗೆ ಬಂದಿದೆ. ಮೇರಿ ಕ್ಯೂರಿಯ ತವರಿನ ಹೆಸರಿನಲ್ಲಿ ಗೀಟು ಎಳೆದ ಎಲ್ ಇದೆ, ಪೋಲಿಷ್‌ನಲ್ಲಿ ಅದು ವ: ಸ್ಕ್ವೊದೊಫ್ಸ್ಕಾ.

ಗ್ರೀಕರ ವಿಷಯ ವಿಚಿತ್ರ. ಪೈಥಾಗೊರಸ್, ಥೇಲ್ಸ್ ಹೆಸರಲ್ಲಿ ಬರುವ ಅಕ್ಷರವನ್ನು ಹಳೆಯ ಗ್ರೀಕರು ನಮ್ಮ ಮಹಾಪ್ರಾಣ ಥ ಹಾಗೇ ಹೇಳುತ್ತಿದ್ದರು. ಆರ್ಕಿಮಿಡೀಸ್‌ನ ಕ ಅವರಿಗೆ ಖ ಆಗಿತ್ತು. ಅಂದರೆ ಕನ್ನಡ ಪುಸ್ತಕದ 'ಥೇಲ್ಸ್' ಬರಹದ ಮೊದಲ ಅಕ್ಷರ ಇಂಗ್ಲಿಷರ ಉಚ್ಚಾರಕ್ಕಿಂತ ಮೂಲಕ್ಕೆ ಹತ್ತಿರ. ನಮ್ಮ ಕಡೆ ಮಾತಿನಲ್ಲಿ ಮಹಾಪ್ರಾಣ ಹೇಗೂ ಬಿದ್ದುಹೋಗುತ್ತದೆ, ಅದು ಬೇರೆ ಮಾತು. ಆದರೆ ಈ ಹೆಸರುಗಳನ್ನು ಮುಟ್ಟಬೇಡಿ ಎಂದೇ ನನ್ನ ಸಲಹೆ. ಎರಡು ಸಾವಿರ ವರ್ಷ ಊರೂರು ಸುತ್ತಿ ಬಂದಿವೆ, ಪ್ರತಿ ಭಾಷೆಯಲ್ಲೂ ಅವಕ್ಕೆ ಒಂದೊಂದು ರೂಪ ಇದೆ. ಯೂಕ್ಲಿಡ್ ಯೂಕ್ಲಿಡ್ಡೇ ಇರಲಿ. ಪೈಥಾಗೊರಸ್‌ನನ್ನು ಪುಥಾಗೊರಾಸ್ ಎಂದರೆ ಮಕ್ಕಳಿಗೆ ಪ್ರಮೇಯವೂ ಮರೆತುಹೋದೀತು.

ಮಾನಗಳಿಗೂ ಇದೇ ಮಾತು. ಆಂಪೇರ್ ಒಬ್ಬ ಮನುಷ್ಯ, ಆಂಪಿಯರ್ ಒಂದು ಅಳತೆ. ಮನುಷ್ಯನ ಬಗ್ಗೆ ಮಾತಾಡುವಾಗ ಆಂಪೇರ್, ಕೂಲೋಂ ಎನ್ನಿ. ಲೆಕ್ಕ ಮಾಡಿಸುವಾಗ ಎಲ್ಲರ ಹಾಗೆ ಆಂಪಿಯರ್, ಕೂಲಂಬ್ ಎನ್ನಿ. ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ 'ಹದಿನೈದು ಆಂಪೇರ್ ಪ್ಲಗ್ ಕೊಡಿ' ಎಂದರೆ ಅಂಗಡಿಯವರು ನಿಮ್ಮ ಮುಖ ನೋಡುತ್ತಾರೆ. ಅಲ್ಲಿ ಅದು ಆಂಪ್ಸ್. ಹೆಸರಿನಿಂದ ಹುಟ್ಟಿದ ಪದಗಳೂ ಹಾಗೇ. ಅಬೀಲಿಯನ್ ಗ್ರೂಪ್, ಜಕೋಬಿಯನ್, ಹರ್ಮಿಶಿಯನ್ ಮ್ಯಾಟ್ರಿಕ್ಸ್ ಇವೆಲ್ಲ ಈಗ ಇಂಗ್ಲಿಷ್ ಪದಗಳು. ಅವನ್ನು ತಿದ್ದಲು ಹೋಗುವುದು ಅತಿ.

ಎಷ್ಟು ದೂರ ಹೋಗಬೇಕು ಎಂಬುದು ನಿಮ್ಮ ಪ್ರಶ್ನೆಯ ಒಳಗೇ ಇದೆ ಅನಿಸಿತು. ಸ್ವರ ಸರಿ ಇರಲಿ, ಸತ್ತ ಅಕ್ಷರ ಸತ್ತೇ ಇರಲಿ. ಅಷ್ಟು ಸಾಕು. ಫ್ರೆಂಚರ ಗಂಟಲಿನ ರ, ಮೂಗಿನ ಸ್ವರ, ಜರ್ಮನ್ನರ ಎರಡು ಚುಕ್ಕಿಯ ಸ್ವರ ಇವನ್ನು ತರಗತಿಯಲ್ಲಿ ಅನುಕರಿಸಲು ಹೋದರೆ ನಾಟಕದಂತೆ ಕೇಳುತ್ತದೆ. ಕನ್ನಡ ವಾಕ್ಯದ ನಡುವೆ ಕನ್ನಡದ ಸದ್ದಿನಲ್ಲೇ ಹೆಸರು ಕೂರಬೇಕು. ಯಾರಾದರೂ ಹುಡುಗ ಫರ್ಮ್ಯಾಟ್ ಎಂದರೆ ಅಲ್ಲೇ ತಡೆಯಬೇಡಿ. ನಿಮ್ಮ ಮುಂದಿನ ವಾಕ್ಯದಲ್ಲಿ ಫೆರ್ಮಾ ಎನ್ನಿ. ಅವನು ತಾನಾಗೇ ತಿದ್ದಿಕೊಳ್ಳುತ್ತಾನೆ. ಹೆಸರು ತಪ್ಪು ಹೇಳಿದ್ದಕ್ಕೆ ನಕ್ಕರೆ ಹಳ್ಳಿಯಿಂದ ಬಂದ ಮಗು ಮತ್ತೆ ಪ್ರಶ್ನೆ ಕೇಳಲು ಬಾಯೇ ತೆರೆಯುವುದಿಲ್ಲ. ಅದರ ನಷ್ಟ ದೊಡ್ಡದು. ಆಯ್ಲರ್ ಎಂದು ನಿಮ್ಮನ್ನು ತಿದ್ದಿದ ಮಕ್ಕಳಿಗೂ ಯೂಕ್ಲಿಡ್ ಯಾಕೆ ಹಾಗಲ್ಲ ಎಂದು ಕೇಳಿ, ಹುಡುಕಿಕೊಂಡು ಬರಲಿ.

ಹುಡುಕುವುದಕ್ಕೆ ವಿಕಿಪೀಡಿಯ ಒಳ್ಳೆಯದು. ಅಲ್ಲಿ ಅನೇಕ ಹೆಸರುಗಳ ಪಕ್ಕ ಸ್ಪೀಕರ್ ಗುರುತು ಇರುತ್ತದೆ, ಒತ್ತಿದರೆ ಆ ಭಾಷೆಯವರೇ ಹೇಳಿದ್ದು ಕೇಳುತ್ತದೆ. ಯೂಟ್ಯೂಬ್‌ನಲ್ಲಿ ಹತ್ತು ಸೆಕೆಂಡಿನ ಉಚ್ಚಾರದ ವಿಡಿಯೊಗಳು ರಾಶಿ ಇವೆ. ಅವುಗಳಲ್ಲಿ ಎಷ್ಟೋ ಕಡೆ ಯಂತ್ರದ ಧ್ವನಿ ಇಂಗ್ಲಿಷ್ ಓದಿನಲ್ಲೇ ಓದುತ್ತದೆ, ನಂಬಬೇಡಿ. ಬೇಸಿಗೆಯಲ್ಲಿ ಚಳ್ಳಕೆರೆ ಹತ್ತಿರದ ಕುದಾಪುರದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಶಿಕ್ಷಕರ ತರಬೇತಿಗೆ ಹೋಗುವ ಅವಕಾಶ ಸಿಕ್ಕರೆ ಅಲ್ಲಿ ಪಾಠ ಮಾಡುವವರ ಬಾಯಲ್ಲಿ ಹೆಸರುಗಳನ್ನು ಕೇಳಿಸಿಕೊಳ್ಳಿ. ಅವರಲ್ಲೂ ಒಬ್ಬೊಬ್ಬರು ಒಂದೊಂದು ತರ ಹೇಳಿದರೆ ಗಾಬರಿ ಬೇಡ.

ನೋಟ್ಸ್ ವಿಷಯ. ಹೆಸರು ಮೊದಲ ಸಲ ಬಂದಾಗ ಬೋರ್ಡ್ ಮೇಲೆ ರೋಮನ್ ಲಿಪಿಯಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಬರೆಯಿರಿ. ಪಕ್ಕದಲ್ಲಿ ದೇಶ ಮತ್ತು ಇಸವಿ. ಆಮೇಲೆ ಕನ್ನಡದ ಒಂದೇ ರೂಪವನ್ನು ಕೊನೆತನಕ ಉಳಿಸಿಕೊಳ್ಳಿ. ಇವತ್ತು ಲೈಬ್ನಿಟ್ಸ್, ನಾಳೆ ಲೈಬ್ನಿಜ್ ಆದರೆ ಮಕ್ಕಳು ಇಬ್ಬರು ಅಂದುಕೊಳ್ಳುತ್ತಾರೆ. ಪಠ್ಯಪುಸ್ತಕದ ಕನ್ನಡ ರೂಪ ಬೇರೆ ಇದ್ದರೆ ಪರೀಕ್ಷೆಯಲ್ಲಿ ಅದನ್ನೇ ಬರೆಯಲಿ, ಬಾಯಲ್ಲಿ ನಿಮ್ಮದಿರಲಿ. ಇಂಗ್ಲಿಷಿನ ಝಡ್ ಸದ್ದು ತೋರಿಸಲು ಜ ಕೆಳಗೆ ಚುಕ್ಕಿ ಇಡುವ ಪದ್ಧತಿ ಇದೆಯಲ್ಲ, ತರಗತಿಯ ನೋಟ್ಸ್‌ಗೆ ಅದು ಬೇಡ. ಅದನ್ನು ನೋಡಿ ಉಚ್ಚಾರ ಬದಲಿಸುವವರು ಕಡಿಮೆ, ಅಚ್ಚಿನಲ್ಲಿ ಮಸಿ ಬಿದ್ದಿದೆ ಎಂದುಕೊಳ್ಳುವವರೇ ಜಾಸ್ತಿ.

ಹೈಗನ್ಸ್ ಒಬ್ಬರು ಉಳಿದರು. ಅವರು ಡಚ್ಚರು, 1629ರಲ್ಲಿ ಹೇಗ್ ನಗರದಲ್ಲಿ ಹುಟ್ಟಿದವರು. ಆ ಹೆಸರಿನ ಮೊದಲ ಸ್ವರ ಡಚ್ಚರನ್ನು ಬಿಟ್ಟು ಬೇರೆ ಯಾರಿಗೂ ಸುಲಭಕ್ಕೆ ಬರುವುದಿಲ್ಲ, ನಡುವಿನ ಗ ಗಂಟಲಿನಲ್ಲಿ ಉಜ್ಜಿಕೊಂಡು ಬರುತ್ತದೆ. ಇಂಗ್ಲಿಷಿನವರು ಕೈಚೆಲ್ಲಿ ಹೈಗನ್ಸ್ ಅಂದುಬಿಟ್ಟರು. ಹ್ಯೂಜೆನ್ಸ್ ಮಾತ್ರ ಬೇಡ. ನಿಮ್ಮ ಫಿಸಿಕ್ಸ್ ಸರ್‌ಗೆ ಹೇಳಿ, ಹೈಗನ್ಸ್ ಹಾಗೇ ನಡೆಯಲಿ, ಬ್ರೋಗ್ಲಿಯನ್ನು ಬ್ರೊಯ್ ಮಾಡಿಕೊಂಡರೆ ಸಾಕು.